ಸಾರ್ವಜನಿಕ ಈಜುಕೊಳಕ್ಕೆ ಹೀಟ್ ಪಂಪ್: ಬಿಸಿ ಮಾಡುವ ಮೊದಲು ಬಿಸಿಯನ್ನು ಉಳಿಸುವ ಲೆಕ್ಕ

ಜಲಪ್ರಿಯ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯಲ್ಲಿರುವ ಸಾರ್ವಜನಿಕ ಈಜುಕೊಳದ ಬಳಕೆದಾರರ ಪರವಾಗಿ ಈ ವಿಷಯವನ್ನು ನಿಮ್ಮ ಮುಂದಿಡುತ್ತಿದ್ದೇನೆ. ಕೊಳ ಬಯಲಿನಲ್ಲಿದೆ, ಮೇಲೆ ಚಾವಣಿಯಿಲ್ಲ. ಉದ್ದ 25 ಮೀಟರ್, ಅಗಲ 12.5 ಮೀಟರ್, ಸರಾಸರಿ ಆಳ 1.4 ಮೀಟರ್. ನವೆಂಬರ್ ಕೊನೆಯಿಂದ ಫೆಬ್ರವರಿಯವರೆಗೆ ಬೆಳಗಿನ ಹೊತ್ತು ನೀರು 22 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಈಜು ಕಲಿಯುವ ಮಕ್ಕಳು ಹತ್ತು ನಿಮಿಷದಲ್ಲಿ ನಡುಗುತ್ತ ಮೇಲೆ ಬರುತ್ತಾರೆ. ಮೊಣಕಾಲು ನೋವಿಗೆ ವೈದ್ಯರ ಸಲಹೆಯಂತೆ ಬರುವ ಹಿರಿಯರು ಆ ತಿಂಗಳುಗಳಲ್ಲಿ ಬರುವುದನ್ನೇ ನಿಲ್ಲಿಸುತ್ತಾರೆ. ಆದರೆ ಕೊಳದ ಖರ್ಚು ನಿಲ್ಲುವುದಿಲ್ಲ. ಫಿಲ್ಟರ್ ಪಂಪು ಓಡುತ್ತಲೇ ಇರುತ್ತದೆ, ಕ್ಲೋರಿನ್ ಹಾಕಲೇಬೇಕು, ಲೈಫ್‌ಗಾರ್ಡ್‌ಗಳ ಸಂಬಳ ಕೊಡಲೇಬೇಕು.

ನೀರನ್ನು ಬಿಸಿ ಮಾಡುವ ವ್ಯವಸ್ಥೆ ಬೇಕೆಂದು ಮನವಿ ಕೊಡಲು ನಾವು ಸಿದ್ಧರಾಗುತ್ತಿದ್ದೇವೆ. ಗ್ಯಾಸ್ ಬಾಯ್ಲರ್ ಸಾಕು ಎಂದು ಕೆಲವರು, ವಿದ್ಯುತ್ ಹೀಟರ್ ಸುಲಭ ಎಂದು ಇನ್ನು ಕೆಲವರು ಹೇಳುತ್ತಿದ್ದಾರೆ. ಇದೇ ಕೆಲಸವನ್ನು ಹೀಟ್ ಪಂಪ್ ಬಹಳ ಕಡಿಮೆ ವಿದ್ಯುತ್ತಿನಲ್ಲಿ ಮಾಡುತ್ತದೆ ಎಂದೂ ಕೇಳಿದ್ದೇವೆ. ನಮ್ಮ ಹವೆಯಲ್ಲಿ ಈ ಮಾತು ಎಷ್ಟು ನಿಜ, ಮನವಿಯಲ್ಲಿ ನಾವು ನಿಖರವಾಗಿ ಏನನ್ನು ಕೇಳಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ತಾಪಗಣಿತ, ಮೈಸೂರು

ಜಲಪ್ರಿಯ ಅವರೇ, ಹವಾನಿಯಂತ್ರಣ ಮತ್ತು ಶೈತ್ಯೀಕರಣ ನನ್ನ ವೃತ್ತಿ. ನೀವು ಕೊಳದ ಅಳತೆಯನ್ನು ಕೊಟ್ಟದ್ದು ಒಳ್ಳೆಯದಾಯಿತು, ಏಕೆಂದರೆ ಈ ವಿಷಯದಲ್ಲಿ ಅಭಿಪ್ರಾಯಕ್ಕಿಂತ ಲೆಕ್ಕ ಹೆಚ್ಚು ಉಪಯುಕ್ತ.

ನಿಮ್ಮ ಕೊಳದಲ್ಲಿ ಸುಮಾರು 4,37,500 ಲೀಟರ್ ನೀರಿದೆ. ಅಷ್ಟು ನೀರಿನ ತಾಪಮಾನವನ್ನು ಒಂದು ಡಿಗ್ರಿ ಏರಿಸಲು ಸುಮಾರು 510 ಯೂನಿಟ್‌ಗಳಷ್ಟು, ಅಂದರೆ 510 ಕಿಲೋವ್ಯಾಟ್ ಗಂಟೆಗಳಷ್ಟು ಶಾಖ ಬೇಕು. 22 ಡಿಗ್ರಿಯಿಂದ 27 ಡಿಗ್ರಿಗೆ ಒಯ್ಯಲು ಸುಮಾರು 2,550 ಯೂನಿಟ್ ಶಾಖ ಬೇಕಾಗುತ್ತದೆ. ಸಾಧಾರಣ ವಿದ್ಯುತ್ ಹೀಟರಿನಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಒಂದೇ ಯೂನಿಟ್ ಶಾಖ ಸಿಗುವುದರಿಂದ ಅಷ್ಟೂ ವಿದ್ಯುತ್ ಬಿಲ್ಲಿನಲ್ಲಿ ಕಾಣಿಸಿಕೊಳ್ಳುತ್ತದೆ. 19 ಕಿಲೋದ ವಾಣಿಜ್ಯ ಗ್ಯಾಸ್ ಸಿಲಿಂಡರಿನಲ್ಲಿ, ಬಾಯ್ಲರಿನ ದಕ್ಷತೆ ಶೇಕಡಾ 85 ಎಂದು ಹಿಡಿದರೆ, ನೀರಿಗೆ ಸೇರುವ ಶಾಖ ಸುಮಾರು 205 ಯೂನಿಟ್. ಅಂದರೆ ಹನ್ನೆರಡು ಹದಿಮೂರು ಸಿಲಿಂಡರ್ ಖಾಲಿಯಾಗುತ್ತವೆ.

ಹೀಟ್ ಪಂಪ್ ಶಾಖವನ್ನು ಹುಟ್ಟಿಸುವ ಯಂತ್ರವಲ್ಲ, ಹೊರಗಿನ ಗಾಳಿಯಲ್ಲಿ ಆಗಲೇ ಇರುವ ಶಾಖವನ್ನು ಎತ್ತಿ ನೀರಿಗೆ ಸಾಗಿಸುವ ಯಂತ್ರ. ಹೀಗೆ ಸಾಗಿಸುವ ಕೂಲಿಯಷ್ಟೇ ಕಂಪ್ರೆಸರ್ ಮತ್ತು ಫ್ಯಾನ್ ಬಳಸುವ ವಿದ್ಯುತ್. ಒಂದು ಯೂನಿಟ್ ವಿದ್ಯುತ್ತಿಗೆ ಎಷ್ಟು ಯೂನಿಟ್ ಶಾಖ ದೊರೆಯಿತು ಎಂಬ ಅನುಪಾತವನ್ನು ಸಿಒಪಿ ಎನ್ನುತ್ತಾರೆ. ಈಜುಕೊಳದ ಹೀಟ್ ಪಂಪುಗಳಲ್ಲಿ ಇದು ಸಾಮಾನ್ಯವಾಗಿ 3ರಿಂದ 7ರವರೆಗೆ ಇರುತ್ತದೆ. 5 ಎಂದು ಹಿಡಿದರೆ, ಮೇಲೆ ಹೇಳಿದ 2,550 ಯೂನಿಟ್ ಶಾಖಕ್ಕೆ 510 ಯೂನಿಟ್ ವಿದ್ಯುತ್ ಸಾಕು. ಒಂದು ಗ್ಯಾಸ್ ಸಿಲಿಂಡರಿನ ಕೆಲಸವನ್ನು 41 ಯೂನಿಟ್ ವಿದ್ಯುತ್ ಮಾಡುತ್ತದೆ ಎಂದಾಯಿತು. ಇವೆರಡರ ಇಂದಿನ ದರವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ತೀರ್ಮಾನ ತಾನಾಗಿಯೇ ಸಿಗುತ್ತದೆ.

ಈ 5 ಎಂಬ ಅಂಕಿ ಬಾಯಿಮಾತಿಗೆ ಬರುವಂಥದ್ದಲ್ಲ, ಇದನ್ನು ಗಳಿಸಿಕೊಳ್ಳಬೇಕು. ತಯಾರಕರ ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಮುದ್ರಿಸುವ ಸಿಒಪಿ ಸಾಮಾನ್ಯವಾಗಿ ಗಾಳಿ 26–27 ಡಿಗ್ರಿ ಇದ್ದಾಗಿನದು. ಜನವರಿಯ ಬೆಳಗಿನ ಜಾವ ಬೆಂಗಳೂರಿನ ಗಾಳಿ 15–16 ಡಿಗ್ರಿಗೆ ಇಳಿದಿರುತ್ತದೆ, ಆಗ ಅದೇ ಯಂತ್ರ ಸ್ಪಷ್ಟವಾಗಿ ಕಡಿಮೆ ಶಾಖ ಕೊಡುತ್ತದೆ. ಅದೇ ದಿನ ಮಧ್ಯಾಹ್ನ ಗಾಳಿ 27 ಡಿಗ್ರಿ ಮುಟ್ಟುತ್ತದೆ. ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿರುವ ನಮ್ಮ ಊರುಗಳಲ್ಲಿ ಚಳಿಗಾಲದ ಹಗಲು ಬೆಚ್ಚಗೂ ಇರುಳು ತಣ್ಣಗೂ ಇರುವುದು ಹೀಟ್ ಪಂಪಿಗೆ ದೊಡ್ಡ ಅನುಕೂಲ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಮಾತ್ರ ಯಂತ್ರವನ್ನು ಓಡಿಸಿ, ಅಷ್ಟರಲ್ಲಿ ಕೂಡಿಟ್ಟ ಬಿಸಿಯನ್ನು ಮರುದಿನ ಬೆಳಗಿನ ತಂಡದವರೆಗೆ ಕಾಪಾಡಿಕೊಂಡರೆ, ಕೈಪಿಡಿಯ ಅಂಕಿಗೆ ಹತ್ತಿರದ ಫಲ ನಿಜವಾಗಿಯೂ ದೊರೆಯುತ್ತದೆ.

ಪಂಪ್‌ಮನೆ, ಹುಬ್ಬಳ್ಳಿ

ತಾಪಗಣಿತ ಅವರ ಕೊನೆಯ ವಾಕ್ಯದಲ್ಲಿರುವ ‘ಕಾಪಾಡಿಕೊಂಡರೆ’ ಎಂಬ ಮಾತಿನಲ್ಲಿಯೇ ಇಡೀ ಸಮಸ್ಯೆ ಇದೆ. ಈಜುಕೊಳಗಳ ನಿರ್ವಹಣೆಯಲ್ಲಿ ಬಹುಕಾಲ ಕೆಲಸ ಮಾಡಿದವನಾಗಿ ಈ ಮಾತನ್ನು ಒತ್ತಿ ಹೇಳುತ್ತೇನೆ: ಹೊದಿಕೆಯಿಲ್ಲದ ಕೊಳಕ್ಕೆ ಹೀಟ್ ಪಂಪ್ ಕೂರಿಸುವುದು ಸಾರ್ವಜನಿಕ ಹಣಕ್ಕೆ ಮಾಡುವ ಅನ್ಯಾಯ.

ಬಯಲಿನ ಕೊಳ ಕಳೆದುಕೊಳ್ಳುವ ಶಾಖದಲ್ಲಿ ಸುಮಾರು ಶೇಕಡಾ 70ರಷ್ಟು ಆವಿಯ ಮೂಲಕವೇ ಹೋಗುತ್ತದೆ. ಉಳಿದದ್ದರಲ್ಲಿ ಹೆಚ್ಚಿನ ಪಾಲು ರಾತ್ರಿಯ ಆಕಾಶಕ್ಕೆ ವಿಕಿರಣವಾಗಿ ಹೋಗುತ್ತದೆ, ನೆಲಕ್ಕೂ ಗೋಡೆಗಳಿಗೂ ಹೋಗುವುದು ಅಲ್ಪ. ಮಣ್ಣಿನ ಹೂಜಿಯ ಮೈಯಿಂದ ನೀರು ಆವಿಯಾಗುತ್ತ ಒಳಗಿನ ನೀರು ತಣ್ಣಗಾಗುವ ಹಾಗೆಯೇ ನಮ್ಮ ಕೊಳಗಳು ರಾತ್ರಿಯಿಡೀ ತಮ್ಮನ್ನು ತಾವೇ ತಣಿಸಿಕೊಳ್ಳುತ್ತವೆ. ನೀರು ಗಾಳಿಗಿಂತ ಬೆಚ್ಚಗಿದ್ದಷ್ಟೂ, ಗಾಳಿ ಒಣಗಿದ್ದಷ್ಟೂ, ಬೀಸು ಹೆಚ್ಚಿದಷ್ಟೂ ಆವಿ ಹೆಚ್ಚಾಗುತ್ತದೆ. ನಮ್ಮ ಕಡೆ ಡಿಸೆಂಬರ್, ಜನವರಿಯ ಒಣಗಾಳಿಯಲ್ಲಿ ಈ ಮೂರೂ ಒಟ್ಟಿಗೆ ಸೇರುತ್ತವೆ.

ಜಲಪ್ರಿಯ ಅವರ ಕೊಳದ ಮೇಲ್ಮೈ 312 ಚದರ ಮೀಟರಿನಷ್ಟಿದೆ. ಒಂದು ರಾತ್ರಿಯಲ್ಲಿ ಬರೀ 2 ಮಿಲಿಮೀಟರ್ ನೀರು ಆವಿಯಾದರೂ 625 ಲೀಟರ್ ಹೋದಂತಾಯಿತು. ಒಂದು ಲೀಟರ್ ಆವಿಯಾಗುವಾಗ ಸುಮಾರು 0.68 ಯೂನಿಟ್ ಶಾಖವನ್ನು ಹೊತ್ತೊಯ್ಯುತ್ತದೆ, ಆದ್ದರಿಂದ ಒಟ್ಟು 425 ಯೂನಿಟ್. ಅದೊಂದರಿಂದಲೇ ಕೊಳ 0.8 ಡಿಗ್ರಿಗಿಂತ ಹೆಚ್ಚು ತಣ್ಣಗಾಗುತ್ತದೆ. ಸಿಒಪಿ 5 ಇದ್ದರೂ ಅದನ್ನು ತುಂಬಿಕೊಡಲು ದಿನಕ್ಕೆ 85 ಯೂನಿಟ್ ವಿದ್ಯುತ್ ಬೇಕು. ಚಳಿಗಾಲದ ಮೂರು ತಿಂಗಳಿಗೆ ಹೀಗೆ 7,500 ಯೂನಿಟ್ ವಿದ್ಯುತ್ತೂ 56,000 ಲೀಟರ್ ನೀರೂ ಗಾಳಿಯ ಪಾಲಾಗುತ್ತವೆ. 2024ರ ಮಾರ್ಚಿನಲ್ಲಿ ನೀರಿನ ಅಭಾವದಿಂದಾಗಿ ಬೆಂಗಳೂರು ಜಲಮಂಡಳಿಯು ಈಜುಕೊಳಗಳಿಗೆ ಕುಡಿಯುವ ನೀರನ್ನು ಬಳಸದಂತೆ ನಿಷೇಧಿಸಿದ್ದನ್ನು ನೆನೆಸಿಕೊಂಡರೆ, ಈ ನೀರಿನ ಲೆಕ್ಕವೂ ವಿದ್ಯುತ್ತಿನ ಲೆಕ್ಕದಷ್ಟೇ ಮುಖ್ಯವೆಂದು ನನಗನ್ನಿಸುತ್ತದೆ.

ಹೊದಿಕೆಯಿಂದ ಬಿಸಿ ಮಾಡುವ ವೆಚ್ಚ ಶೇಕಡಾ 50ರಿಂದ 70ರಷ್ಟು ಇಳಿಯುತ್ತದೆ ಎಂಬುದು ಅಮೆರಿಕದ ಇಂಧನ ಇಲಾಖೆಯ ಅಂದಾಜು. ಆದರೆ ಹೊದಿಕೆಯನ್ನು ಖರೀದಿಸಿದ ಮಾತ್ರಕ್ಕೆ ಉಳಿತಾಯವಾಗುವುದಿಲ್ಲ. ಸುತ್ತಿ ಮೂಲೆಯಲ್ಲಿ ಬಿಸಾಡಿ, ಬಿಸಿಲಿಗೆ ಪುಡಿಯಾಗಿ, ಇಲಿಗಳು ಗೂಡು ಕಟ್ಟಿದ ಹೊದಿಕೆಗಳನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ. ಅಲ್ಲಿ ಕೆಲಸಗಾರರ ಸೋಮಾರಿತನ ಕಾರಣವಾಗಿರಲಿಲ್ಲ. 25 ಮೀಟರ್ ಉದ್ದದ ಒದ್ದೆ ಹೊದಿಕೆಯನ್ನು ರಾತ್ರಿ ಪಾಳಿಯ ಒಬ್ಬನೇ ಎಳೆಯಲಾರ. ಆದ್ದರಿಂದ ಅಗಲದಲ್ಲಿ ಎರಡು ಮೂರು ಪಟ್ಟಿಗಳಾಗಿ ಮಾಡಿಸಿ, ಮೋಟಾರ್ ಇರುವ ಉರುಳೆಯೊಂದಿಗೆ ಕೊಡಿಸಬೇಕು. ಸುರಕ್ಷತೆಯ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ: ತೇಲುವ ಹೊದಿಕೆಯ ಮೇಲೆ ಮಗು ಕಾಲಿಟ್ಟರೆ ಅದು ಭಾರ ತಡೆಯುವುದಿಲ್ಲ, ಮಗು ಅದರಡಿಗೆ ಸಿಲುಕಿದರೆ ಮೇಲಿನಿಂದ ಕಾಣುವುದೂ ಇಲ್ಲ. ಹೊದಿಕೆ ಹಾಕಿದ ಮೇಲೆ ಆವರಣಕ್ಕೆ ಬೀಗ ಬೀಳಲೇಬೇಕು, ಅರ್ಧ ತೆರೆದ ಕೊಳಕ್ಕೆ ಯಾರನ್ನೂ ಇಳಿಸಬಾರದು.

ಲೆಕ್ಕಪತ್ರ, ಬೆಂಗಳೂರು

ಸ್ಥಳೀಯ ಸಂಸ್ಥೆಯೊಂದರ ಹಣಕಾಸು ವಿಭಾಗದಲ್ಲಿದ್ದು ನಿವೃತ್ತನಾದವನು ನಾನು. ಇಬ್ಬರ ಲೆಕ್ಕವನ್ನೂ ಗೌರವದಿಂದ ಓದಿದೆ. ನನ್ನ ಸಂದೇಹಗಳು ಬೇರೆ. ಮೊದಲನೆಯದಾಗಿ, ಯೂನಿಟ್ಟಿನ ದರ ಮಾತ್ರ ವಿದ್ಯುತ್ತಿನ ಖರ್ಚಲ್ಲ. ಹೊಸ ಯಂತ್ರ ಬಂದರೆ ಮಂಜೂರಾದ ವಿದ್ಯುತ್ ಭಾರವನ್ನು ಏರಿಸಿಕೊಳ್ಳಬೇಕು, ಮೂರು ತಿಂಗಳು ಓಡುವ ಯಂತ್ರಕ್ಕಾಗಿ ಹನ್ನೆರಡು ತಿಂಗಳೂ ನಿಗದಿತ ಶುಲ್ಕ ಕಟ್ಟಬೇಕು. ಎರಡನೆಯದಾಗಿ, ವರ್ಷದಲ್ಲಿ ಅಲ್ಪಕಾಲ ಮಾತ್ರ ಬೇಕಾಗುವ ಬೆಚ್ಚನೆಯ ನೀರಿಗೆ ತೆರಿಗೆದಾರರ ಹಣವನ್ನು ವ್ಯಯಿಸಬೇಕೇ ಎಂದು ಲೆಕ್ಕಪರಿಶೋಧಕರು ಕೇಳಿಯೇ ಕೇಳುತ್ತಾರೆ. ಇದಕ್ಕೆ ಮನವಿಯಲ್ಲಿಯೇ ಉತ್ತರವಿರಬೇಕು. ಮೂರನೆಯದಾಗಿ, ಇಂಧನ ದಕ್ಷತೆ ಎಂಬ ಹೆಸರಿನಲ್ಲಿ, ಇದುವರೆಗೆ ಬಿಸಿಯೇ ಮಾಡದಿದ್ದ ಕೊಳಕ್ಕೆ ಹೊಸ ಖರ್ಚನ್ನು ಸೇರಿಸುತ್ತಿದ್ದೇವಲ್ಲವೇ?

ತಾಪಗಣಿತ, ಮೈಸೂರು

ಮೂರನೆಯ ಪ್ರಶ್ನೆಯೇ ಇವುಗಳಲ್ಲಿ ಮುಖ್ಯವಾದದ್ದು, ಅದಕ್ಕೆ ಸುತ್ತಿಬಳಸದೆ ಉತ್ತರಿಸುತ್ತೇನೆ. ಹೌದು, ಬಿಸಿ ಮಾಡುವುದು ಹೊಸ ಖರ್ಚು. ಆದರೆ ಆ ಕೊಳದಲ್ಲಿ ಈಗಾಗಲೇ ಪೋಲಾಗುತ್ತಿರುವ ವಿದ್ಯುತ್ತನ್ನು ಮೊದಲು ಉಳಿಸಿದರೆ, ಹೊಸ ಖರ್ಚಿನ ದೊಡ್ಡ ಪಾಲು ಅದರಿಂದಲೇ ಹುಟ್ಟುತ್ತದೆ.

ಫಿಲ್ಟರ್ ಪಂಪನ್ನೇ ನೋಡಿ. ಇಷ್ಟು ದೊಡ್ಡ ಕೊಳಕ್ಕೆ 7.5 ಕಿಲೋವ್ಯಾಟಿನ ಪಂಪ್ ಇದೆಯೆಂದೂ ಅದು ಇಪ್ಪತ್ತನಾಲ್ಕು ಗಂಟೆಯೂ ಓಡುತ್ತದೆಯೆಂದೂ ಇಟ್ಟುಕೊಳ್ಳೋಣ. ದಿನಕ್ಕೆ 180 ಯೂನಿಟ್, ವರ್ಷಕ್ಕೆ 65,000 ಯೂನಿಟ್ಟಿಗಿಂತ ಹೆಚ್ಚು. ಪಂಪಿನ ವೇಗವನ್ನು ಇಳಿಸಿದಾಗ ಅದು ಬಳಸುವ ವಿದ್ಯುತ್ ವೇಗದ ಘನದ ಅನುಪಾತದಲ್ಲಿ ಇಳಿಯುತ್ತದೆ. ವೇಗ ಶೇಕಡಾ 80ಕ್ಕೆ ಬಂದರೆ ವಿದ್ಯುತ್ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಕೊಳದಲ್ಲಿ ಯಾರೂ ಇಲ್ಲದ ರಾತ್ರಿಯ ಹತ್ತು ಗಂಟೆ ಮಾತ್ರ ಹೀಗೆ ಓಡಿಸಿದರೂ ದಿನಕ್ಕೆ 36 ಯೂನಿಟ್, ವರ್ಷಕ್ಕೆ ಸುಮಾರು 13,000 ಯೂನಿಟ್ ಉಳಿಯುತ್ತದೆ. ಇದಕ್ಕೆ ಬೇಕಾದದ್ದು ವೇಗವನ್ನು ಬದಲಿಸುವ ಒಂದು ವಿಎಫ್‌ಡಿ ಡಬ್ಬ ಮಾತ್ರ.

ಹೊದಿಕೆಯಿರುವ ಕೊಳಕ್ಕೆ ಚಳಿಗಾಲದಲ್ಲಿ ದಿನಕ್ಕೆ ಸರಾಸರಿ ಒಂದು ಡಿಗ್ರಿಯಷ್ಟು ಶಾಖವನ್ನು ಯಂತ್ರದಿಂದ ತುಂಬಬೇಕಾಗುತ್ತದೆ ಎಂದು ಧಾರಾಳವಾಗಿಯೇ ಅಂದಾಜಿಸಿದರೂ, ಸಿಒಪಿ 4.5ರಂತೆ ದಿನಕ್ಕೆ 113 ಯೂನಿಟ್, ತೊಂಬತ್ತು ದಿನಕ್ಕೆ ಹತ್ತಿರಹತ್ತಿರ 10,000 ಯೂನಿಟ್ ಬೇಕು. ಪಂಪಿನಿಂದ ವರ್ಷವಿಡೀ ಉಳಿಸಿದ್ದು ಇದಕ್ಕಿಂತ ಹೆಚ್ಚಾಯಿತು. ಆದ್ದರಿಂದ ಮನವಿಯಲ್ಲಿ ವಿಎಫ್‌ಡಿ, ಹೊದಿಕೆ, ಹೀಟ್ ಪಂಪ್ ಮೂರನ್ನೂ ಒಂದೇ ಕಾಮಗಾರಿಯಾಗಿ, ಇದೇ ಕ್ರಮದಲ್ಲಿ ಕೇಳಬೇಕು. ಹೀಗೆ ಕೇಳಿದರೆ ಕೊಳದ ವಾರ್ಷಿಕ ವಿದ್ಯುತ್ ಬಳಕೆ ಏರದೆಯೇ ನೀರು ಬೆಚ್ಚಗಾಗುತ್ತದೆ ಎಂಬ ವಾದವನ್ನು ಲೆಕ್ಕಪರಿಶೋಧಕರ ಮುಂದೆಯೂ ಇಡಬಹುದು.

ನಿಗದಿತ ಶುಲ್ಕದ ಮಾತು ನಿಜ. ಏಳು ಗಂಟೆಗಳಲ್ಲಿ 510 ಯೂನಿಟ್ ಶಾಖ ಕೊಡಲು ಸುಮಾರು 75 ಕಿಲೋವ್ಯಾಟ್ ಶಾಖ ಸಾಮರ್ಥ್ಯದ ಯಂತ್ರ ಬೇಕು, ಅದು ಎಳೆಯುವ ವಿದ್ಯುತ್ 15ರಿಂದ 18 ಕಿಲೋವ್ಯಾಟ್. ಇದೇ ಸಾಮರ್ಥ್ಯದ ವಿದ್ಯುತ್ ಹೀಟರ್ ಹಾಕಿದ್ದರೆ ಮಂಜೂರಾದ ಭಾರ ಪೂರ್ತಿ 75 ಕಿಲೋವ್ಯಾಟ್ ಏರುತ್ತಿತ್ತು ಎಂಬುದನ್ನೂ ಪಕ್ಕದಲ್ಲಿ ಬರೆದು ತೋರಿಸಬೇಕು.

ರೈನ್‌ತೀರ, ಜರ್ಮನಿ

ಹೊರದೇಶದಲ್ಲಿ ನೆಲೆಸಿರುವ ಕನ್ನಡಿಗನಾಗಿ ಇಲ್ಲಿನ ಅನುಭವವನ್ನು ಸೇರಿಸಲೆಂದು ಬರೆಯುತ್ತಿದ್ದೇನೆ. ಈಜುಕೊಳಕ್ಕೆ ಹೀಟ್ ಪಂಪ್ ಬಳಸುವುದು ಹೊಸ ಪ್ರಯೋಗವೆಂಬ ಭಾವನೆ ಅಧಿಕಾರಿಗಳಲ್ಲಿದ್ದರೆ ಅದನ್ನು ಹೋಗಲಾಡಿಸಬಹುದು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರವು 1938ರಲ್ಲಿಯೇ ತನ್ನ ಪುರಭವನವನ್ನು ಲಿಮ್ಮಾಟ್ ನದಿಯ ನೀರಿನಿಂದ ಶಾಖ ಎತ್ತುವ ಯಂತ್ರದಿಂದ ಬೆಚ್ಚಗಿಟ್ಟಿತು. ಅದೇ ನಗರದ ಒಳಾಂಗಣ ಈಜುಕೊಳಕ್ಕೆ 1941ರಲ್ಲಿ, ಯುದ್ಧದಿಂದಾಗಿ ಕಲ್ಲಿದ್ದಲು ಸಿಗದಿದ್ದ ಕಾಲದಲ್ಲಿ, ಹೀಟ್ ಪಂಪ್ ಬಂದಿತು.

2022ರಲ್ಲಿ ಅನಿಲದ ಕೊರತೆಯುಂಟಾದಾಗ ಇಲ್ಲಿನ ನಗರಗಳು ಕೊಳಗಳ ತಾಪಮಾನವನ್ನೇ ಇಳಿಸಿದವು. ಬರ್ಲಿನ್ ತನ್ನ ಹೊರಾಂಗಣ ಕೊಳಗಳಲ್ಲಿ ಎರಡು ಡಿಗ್ರಿ ಕಡಿಮೆ ಮಾಡಿತು. ಬ್ರಿಟನ್ನಿನಲ್ಲಿ ಹಲವು ಕೊಳಗಳು ಮುಚ್ಚುವ ಸ್ಥಿತಿಗೆ ಬಂದಾಗ ಅಲ್ಲಿನ ಸರ್ಕಾರ 2023ರ ಬಜೆಟ್ಟಿನಲ್ಲಿ 6 ಕೋಟಿ ಪೌಂಡಿಗೂ ಹೆಚ್ಚಿನ ನಿಧಿಯನ್ನು ತೆಗೆದಿರಿಸಿತು. ಆ ಹಣದ ದೊಡ್ಡ ಪಾಲು ಹೊದಿಕೆ, ಸೌರಫಲಕ, ಹೊಸ ಪಂಪುಗಳಂಥ ಕಾಮಗಾರಿಗಳಿಗೇ ಮೀಸಲಾಗಿತ್ತು.

ಆದರೆ ಒಂದು ಎಚ್ಚರಿಕೆ ಅಗತ್ಯ. ಇಲ್ಲಿನ ಹೆಸರುವಾಸಿ ಉದಾಹರಣೆಗಳನ್ನು, ಅಂದರೆ 2011ರಲ್ಲಿ ತೆರೆದ ಬಾಂಬೆರ್ಗ್ ನಗರದ ಬಾಂಬಾಡೋಸ್ ಮತ್ತು ಲ್ಯೂನೆನ್ನಿನ ಲಿಪ್ಪೆ ಬಾಡ್, ಹಾಗೂ 2022ರಲ್ಲಿ ತೆರೆದ ಇಂಗ್ಲೆಂಡಿನ ಎಕ್ಸೆಟರ್ ನಗರದ ಸೇಂಟ್ ಸಿಡ್ವೆಲ್ಸ್ ಪಾಯಿಂಟ್ ಮುಂತಾದವನ್ನು, ಕರ್ನಾಟಕಕ್ಕೆ ಹಾಗೆಯೇ ತರಲಾಗದು. ಅವೆಲ್ಲ ಪ್ಯಾಸಿವ್ ಹೌಸ್ ಮಾನದಂಡದ, ಅಂದರೆ ಶಾಖ ಹೊರಹೋಗದಂತೆ ಕಟ್ಟಿ ಅತಿ ಕಡಿಮೆ ಇಂಧನದಲ್ಲಿ ನಡೆಸುವ, ಒಳಾಂಗಣ ಕೊಳಗಳು. ಚಾವಣಿಯ ಕೆಳಗಿನ ಕೊಳದಲ್ಲಿ ನೀರಿಗಿಂತ ಗಾಳಿಯದೇ ದೊಡ್ಡ ಖರ್ಚು. ಆವಿಯಿಂದ ತೇವಗೊಂಡ ಗಾಳಿಯನ್ನು ಹೊರಹಾಕಿ, ಹಿಮದಂತೆ ತಣ್ಣಗಿರುವ ಹೊರಗಾಳಿಯನ್ನು ಒಳಗೆಳೆದು, ಅದನ್ನು ನೀರಿಗಿಂತ ಒಂದು ಡಿಗ್ರಿ ಹೆಚ್ಚು ಬಿಸಿ ಮಾಡಬೇಕು. ಗೋಡೆ, ಕಿಟಕಿಗಳಿಗೆ ಚೆನ್ನಾಗಿ ಶಾಖನಿರೋಧ ಮಾಡಿದಾಗ ಗಾಜಿನ ಮೇಲೆ ಹನಿಗಟ್ಟುವುದಿಲ್ಲ. ಆಗ ಒಳಗಿನ ತೇವಾಂಶವನ್ನು ಸ್ವಲ್ಪ ಹೆಚ್ಚೇ ಇಡಬಹುದು, ಅದರಿಂದ ಆವಿಯಾಗುವುದು ತಗ್ಗುತ್ತದೆ. ಹೀಟ್ ಪಂಪ್ ಅಲ್ಲಿ ತೇವಗಾಳಿಯಿಂದ ನೀರನ್ನು ಹಿಂಡಿ, ಆ ಶಾಖವನ್ನು ಮತ್ತೆ ಕೊಳಕ್ಕೆ ಸೇರಿಸುತ್ತದೆ. ನಿಮ್ಮ ಬಯಲುಕೊಳಕ್ಕೆ ಇಷ್ಟೆಲ್ಲ ಬೇಕಾಗಿಲ್ಲ, ನಮಗಿಲ್ಲಿ ದುರ್ಲಭವಾದ ಜನವರಿಯ ಬಿಸಿಲು ನಿಮಗೆ ಉಚಿತವಾಗಿ ಸಿಗುತ್ತದೆ.

ಪಂಪ್‌ಮನೆ, ಹುಬ್ಬಳ್ಳಿ

ರೈನ್‌ತೀರ ಅವರು ಬಿಸಿಲಿನ ಮಾತೆತ್ತಿದ್ದಕ್ಕೆ ಒಂದು ಮಾತು. ನೆರಳಿಲ್ಲದ ಕೊಳದ ಪ್ರತಿ ಚದರ ಮೀಟರಿನ ಮೇಲೆ ನಮ್ಮಲ್ಲಿ ದಿನಕ್ಕೆ ಸರಿಸುಮಾರು 5 ಯೂನಿಟ್ ಸೂರ್ಯಶಕ್ತಿ ಬೀಳುತ್ತದೆ. ಅದರಲ್ಲಿ 4 ಯೂನಿಟ್ ನೀರಿಗೆ ಇಳಿದರೆ ಜಲಪ್ರಿಯ ಅವರ ಕೊಳಕ್ಕೆ ದಿನಕ್ಕೆ 1,200 ಯೂನಿಟ್ಟಿಗಿಂತ ಹೆಚ್ಚು ಶಾಖ ಬರುತ್ತದೆ. ನಾವಿಲ್ಲಿ ಲೆಕ್ಕ ಹಾಕಿದ ಯಂತ್ರ ಹಗಲಿನ ಓಟದಲ್ಲಿ ಅಷ್ಟು ಕೊಡುವುದಿಲ್ಲ. ಆ ಬಿಸಿಯನ್ನು ಸಂಜೆಯಿಂದ ಬೆಳಗಿನವರೆಗೆ ಕಳೆದುಕೊಳ್ಳುತ್ತಿದ್ದೇವೆ, ಅಷ್ಟೇ. ಕೊಳದ ದಕ್ಷಿಣಕ್ಕೆ ಎತ್ತರದ ಗೋಡೆಯನ್ನಾಗಲೀ ಮರಗಳನ್ನಾಗಲೀ ಹೊಸದಾಗಿ ಬರಗೊಡಬಾರದು. ಗಾಳಿ ಬೀಸುವ ದಿಕ್ಕಿಗೆ, ಹೆಚ್ಚಾಗಿ ಚಳಿಗಾಲದಲ್ಲಿ ಪೂರ್ವಕ್ಕೆ, ಎದೆಯೆತ್ತರದ ತಡೆ ಇದ್ದರೆ ಹಗಲಿನ ಆವಿಯೂ ಕಡಿಮೆಯಾಗುತ್ತದೆ.

ಸೂರ್ಯಪಥ, ತುಮಕೂರು

ಬೆಂಗಳೂರು, ಮೈಸೂರುಗಳ ಮನೆಮನೆಯ ತಾರಸಿಯ ಮೇಲೂ ಸೋಲಾರ್ ವಾಟರ್ ಹೀಟರ್ ಕಾಣುವಾಗ, ಈಜುಕೊಳಕ್ಕೆ ಮಾತ್ರ ಕಂಪ್ರೆಸರ್ ಯಂತ್ರ ಏಕೆ ಬೇಕು? ಬಿಸಿಲಿನಿಂದಲೇ ನೇರವಾಗಿ ನೀರು ಕಾಯಿಸಬಾರದೇ?

ತಾಪಗಣಿತ, ಮೈಸೂರು

ಖಂಡಿತ ಕಾಯಿಸಬಹುದು, ಜಾಗವಿದ್ದರೆ. ಮನೆಯ ಸೋಲಾರ್ ಹೀಟರ್ 60 ಡಿಗ್ರಿ ನೀರು ಕೊಡಲು ಗಾಜಿನ ಕೊಳವೆಗಳನ್ನು ಬಳಸುತ್ತದೆ. ಕೊಳಕ್ಕೆ ಬೇಕಾದದ್ದು 27 ಡಿಗ್ರಿ ಮಾತ್ರ, ಆದ್ದರಿಂದ ಗಾಜಿಲ್ಲದ ಕಪ್ಪು ಪ್ಲಾಸ್ಟಿಕ್ ಹಾಸುಗಳೇ ಸಾಕು ಮತ್ತು ಅವು ಅಗ್ಗ. ಆದರೆ ಅವುಗಳ ವಿಸ್ತೀರ್ಣ ಕೊಳದ ಮೇಲ್ಮೈಯ ಅರ್ಧದಿಂದ ಪೂರ್ತಿಯವರೆಗೆ ಇರಬೇಕಾಗುತ್ತದೆ. ಇಲ್ಲಿ 150ರಿಂದ 300 ಚದರ ಮೀಟರ್ ಎಂದಾಯಿತು. ನಗರದ ಕೊಳದ ಬಟ್ಟೆ ಬದಲಿಸುವ ಕೋಣೆಗಳ ಮೇಲೆ ಅಷ್ಟು ಜಾಗ ಸಿಗುವುದು ಕಷ್ಟ. ಮೋಡ ಕವಿದ ನಾಲ್ಕು ದಿನಗಳಲ್ಲಿ, ಅಂದರೆ ನೀರು ಹೆಚ್ಚು ತಣ್ಣಗಾಗುವ ಹೊತ್ತಿನಲ್ಲಿಯೇ, ಅವು ಕೈಕೊಡುತ್ತವೆ. ಅದೇ ತಾರಸಿಯ ಮೇಲೆ 20 ಕಿಲೋವ್ಯಾಟಿನ ಸೌರ ವಿದ್ಯುತ್ ಫಲಕ ಹಾಕಿದರೆ ದಿನಕ್ಕೆ ಸುಮಾರು 80 ಯೂನಿಟ್ ಬರುತ್ತದೆ. ಹೀಟ್ ಪಂಪಿನ ಮೂಲಕ ಅದು 350 ಯೂನಿಟ್ಟಿಗೂ ಹೆಚ್ಚು ಶಾಖವಾಗುತ್ತದೆ. ಮುಖ್ಯವಾಗಿ, ಕೊಳ ಬಿಸಿ ಮಾಡಬೇಕಾಗಿಲ್ಲದ ಒಂಬತ್ತು ತಿಂಗಳೂ ಆ ಫಲಕಗಳು ಫಿಲ್ಟರ್ ಪಂಪನ್ನು ಓಡಿಸುತ್ತವೆ, ಕಪ್ಪು ಹಾಸುಗಳಾದರೆ ಆಗ ಸುಮ್ಮನೆ ಬಿದ್ದಿರುತ್ತವೆ. ಜಾಗ ಧಾರಾಳವಾಗಿರುವ ವಿಶ್ವವಿದ್ಯಾಲಯದ ಆವರಣ, ಜಿಲ್ಲಾ ಕ್ರೀಡಾಂಗಣ ಮುಂತಾದ ಕಡೆ ನಾನೇ ಕಪ್ಪು ಹಾಸನ್ನು ಸೂಚಿಸುತ್ತೇನೆ.

ಇಂಗಾಲದ ಲೆಕ್ಕವನ್ನೂ ಇಲ್ಲಿ ಸೇರಿಸುವುದು ಸೂಕ್ತ, ಏಕೆಂದರೆ ನಮ್ಮ ವಿದ್ಯುತ್ ಹೇಗಿದ್ದರೂ ಕಲ್ಲಿದ್ದಲಿನದೇ ಎಂಬ ಆಕ್ಷೇಪ ಬರುತ್ತದೆ. ಭಾರತದ ಗ್ರಿಡ್ಡಿನ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಈ ಕೊಳವನ್ನು ಒಂದು ಡಿಗ್ರಿ ಬಿಸಿ ಮಾಡಲು ವಿದ್ಯುತ್ ಹೀಟರಿನಿಂದ 350 ಕಿಲೋ, ಡೀಸೆಲ್ ಬಾಯ್ಲರಿನಿಂದ 170 ಕಿಲೋ, ಗ್ಯಾಸಿನಿಂದ 140 ಕಿಲೋ, ಹೀಟ್ ಪಂಪಿನಿಂದ 80 ಕಿಲೋ ಎಂದು ಸ್ಥೂಲವಾಗಿ ಹೇಳಬಹುದು. ಸೌರ ವಿದ್ಯುತ್ ಸೇರಿದಂತೆ ಕೊನೆಯ ಅಂಕಿ ಇನ್ನೂ ಇಳಿಯುತ್ತದೆ.

ಕರಾವಳಿ, ಮಂಗಳೂರು

ನಮ್ಮ ಸಮಸ್ಯೆ ಇದಕ್ಕೆ ತದ್ವಿರುದ್ಧ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕೊಳದ ನೀರು ಎಷ್ಟು ಬಿಸಿಯಾಗುತ್ತದೆಂದರೆ ಸ್ಪರ್ಧೆಗೆ ಅಭ್ಯಾಸ ಮಾಡುವವರು ಬೇಗನೆ ದಣಿಯುತ್ತಾರೆ, ಕ್ಲೋರಿನ್ ಕೂಡ ಬೇಗ ಕರಗಿಹೋಗುತ್ತದೆ. ಸ್ಪರ್ಧೆಗೆ ನೀರು 25ರಿಂದ 28 ಡಿಗ್ರಿ ಇರಬೇಕೆಂದು ಅಂತರರಾಷ್ಟ್ರೀಯ ನಿಯಮವಿದೆ. ಹೀಟ್ ಪಂಪ್ ತಣ್ಣಗೂ ಮಾಡುತ್ತದೆಯಂತೆ, ಹೌದೇ?

ತಾಪಗಣಿತ, ಮೈಸೂರು

ಹೌದು, ದಿಕ್ಕು ಬದಲಿಸುವ ಕವಾಟವಿರುವ ಮಾದರಿಗಳು ನೀರಿನಿಂದ ಶಾಖವನ್ನು ತೆಗೆದು ಗಾಳಿಗೆ ಬಿಡುತ್ತವೆ. ಆದರೆ ಮಂಗಳೂರಿಗೆ ಅದನ್ನೇ ಮೊದಲು ಸೂಚಿಸಲಾರೆ. ಹಗಲು ಕೊಳದ ಮೇಲೆ ನೆರಳು, ರಾತ್ರಿ ಹೊದಿಕೆಯಿಲ್ಲದ ತೆರೆದ ಮೇಲ್ಮೈ, ರಾತ್ರಿ ನೀರನ್ನು ಚಿಮ್ಮಿಸಿ ಬೀಳಿಸುವ ಸರಳ ಕಾರಂಜಿ, ಇವುಗಳಿಂದ ಎಷ್ಟು ಇಳಿಯುತ್ತದೆಂದು ನೋಡಿ, ಉಳಿದದ್ದಕ್ಕೆ ಮಾತ್ರ ಯಂತ್ರ ಬಳಸಬೇಕು. ನಿಮ್ಮ ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಆವಿಯ ತಣಿವು ನಮ್ಮಲ್ಲಿನಷ್ಟು ಸಿಗುವುದಿಲ್ಲ, ಅದನ್ನು ಒಪ್ಪುತ್ತೇನೆ. ಯಂತ್ರ ಕೊಳ್ಳುವುದೇ ಆದರೆ, ಉಪ್ಪುಗಾಳಿಗೆ ತಡೆಯುವ ಲೇಪನವಿರುವ ಅಲ್ಯೂಮಿನಿಯಂ ರೆಕ್ಕೆಗಳನ್ನು ಷರತ್ತಿನಲ್ಲಿಯೇ ಬರೆಸಿ.

ಜಲಪ್ರಿಯ, ಬೆಂಗಳೂರು

ನಿಮ್ಮೆಲ್ಲರ ಉತ್ತರಗಳನ್ನು ಸಮಿತಿಯಲ್ಲಿ ಓದಿದೆವು. ಹೊದಿಕೆಯ ಮಾತನ್ನು ನಮ್ಮಲ್ಲಿ ಯಾರೂ ಯೋಚಿಸಿಯೇ ಇರಲಿಲ್ಲ. ಈಗ ಟೆಂಡರಿನ ಷರತ್ತುಗಳಲ್ಲಿ ಏನಿರಬೇಕೆಂದು ಸಲಹೆ ಕೊಡಲು ಅಧಿಕಾರಿಗಳೇ ಕೇಳಿದ್ದಾರೆ. ಈ ಅವಕಾಶವನ್ನು ಕಳೆದುಕೊಳ್ಳಲು ನಮಗೆ ಇಷ್ಟವಿಲ್ಲ.

ತಾಪಗಣಿತ, ಮೈಸೂರು

ಇದು ಒಳ್ಳೆಯ ಸುದ್ದಿ. ಸಾರ್ವಜನಿಕ ಕಾಮಗಾರಿಗಳಲ್ಲಿ ಯಂತ್ರ ಕೆಡುವುದಕ್ಕಿಂತ ಮೊದಲು ಷರತ್ತು ಕೆಟ್ಟಿರುತ್ತದೆ, ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

‘75 ಕಿಲೋವ್ಯಾಟ್ ಹೀಟ್ ಪಂಪ್’ ಎಂದಷ್ಟೇ ಬರೆದರೆ, 27 ಡಿಗ್ರಿ ಗಾಳಿಯಲ್ಲಿ ಅಷ್ಟು ಕೊಡುವ ಯಂತ್ರ ಬರುತ್ತದೆ, 15 ಡಿಗ್ರಿಯಲ್ಲಿ ಅದು ಎಷ್ಟು ಕೊಡುತ್ತದೆಂದು ಯಾರೂ ಕೇಳುವುದಿಲ್ಲ. ಗಾಳಿ 15 ಡಿಗ್ರಿ ಮತ್ತು 25 ಡಿಗ್ರಿ, ನೀರು 27 ಡಿಗ್ರಿ, ಈ ಎರಡೂ ಸ್ಥಿತಿಗಳಲ್ಲಿನ ಶಾಖ ಸಾಮರ್ಥ್ಯ ಮತ್ತು ಸಿಒಪಿಯನ್ನು ಪ್ರತ್ಯೇಕವಾಗಿ ಕೇಳಬೇಕು. ಒಂದೇ ದೊಡ್ಡ ಯಂತ್ರದ ಬದಲು 40 ಕಿಲೋವ್ಯಾಟಿನ ಎರಡು ಯಂತ್ರಗಳಿರಲಿ. ಒಂದು ದುರಸ್ತಿಗೆ ಹೋದರೂ ಕೊಳ ಪೂರ್ತಿ ತಣ್ಣಗಾಗುವುದಿಲ್ಲ, ಡಿಸೆಂಬರಿನ ಆರಂಭದಲ್ಲಿ ಒಂದೇ ಸಾಕಾಗುತ್ತದೆ. ಋತುವಿನ ಮೊದಲ ಬಾರಿಗೆ 22ರಿಂದ 27ಕ್ಕೆ ಏರಿಸಲು ಹಗಲಿನ ಓಟದಲ್ಲಿ ಸುಮಾರು ಒಂದು ವಾರ ಹಿಡಿಯುತ್ತದೆ, ಅದು ಯಂತ್ರದ ದೋಷವಲ್ಲವೆಂದು ಬಳಕೆದಾರರಿಗೆ ಮೊದಲೇ ತಿಳಿಸಿಡಿ.

ಕ್ಲೋರಿನ್ ಇರುವ ನೀರು ತಾಮ್ರವನ್ನು ತಿನ್ನುತ್ತದೆ. ಯಂತ್ರದ ಶಾಖ ಕೊಳದ ನೀರಿಗೆ ದಾಟುವ ಭಾಗವಾದ ಶಾಖ ವಿನಿಮಯಕ ಟೈಟಾನಿಯಂನದೇ ಆಗಿರಬೇಕು. ಅದರ ಜಾಗ ಫಿಲ್ಟರಿನ ನಂತರ, ಕ್ಲೋರಿನ್ ಸೇರಿಸುವ ಬಿಂದುವಿಗಿಂತ ಮೊದಲು. ಈ ಕ್ರಮವನ್ನು ನಕ್ಷೆಯಲ್ಲಿ ತೋರಿಸುವಂತೆ ಕೇಳಿ. ಕ್ಲೋರಿನ್ ಬಿಂದು ಯಂತ್ರಕ್ಕಿಂತ ಮೊದಲು ಬಂದರೆ ಗಾಢ ಕ್ಲೋರಿನ್ ನೇರವಾಗಿ ಯಂತ್ರದೊಳಗೆ ಹೋಗುತ್ತದೆ. ಯಂತ್ರವನ್ನು ಪಂಪ್‌ಹೌಸಿನ ಒಳಗೆ ಬಚ್ಚಿಡಬಾರದು. ಅದು ಹೊರಬಿಡುವ ತಣ್ಣನೆಯ ಗಾಳಿಯನ್ನೇ ಮತ್ತೆ ಎಳೆದುಕೊಂಡರೆ ಸಿಒಪಿ ಕುಸಿಯುತ್ತದೆ. ತಾರಸಿಯ ಮೇಲೆ ಅಥವಾ ತೆರೆದ ಬದಿಯಲ್ಲಿ, ನೆರೆಮನೆಯ ಮಲಗುವ ಕೋಣೆಗಳಿಂದ ದೂರದಲ್ಲಿ ಜಾಗ ಗುರುತಿಸಿ.

ಶೈತ್ಯಕಾರಕವನ್ನೂ, ಅಂದರೆ ಯಂತ್ರದೊಳಗೆ ಸುತ್ತುತ್ತ ಶಾಖವನ್ನು ಹೊರುವ ಅನಿಲವನ್ನೂ, ಷರತ್ತಿನಲ್ಲಿ ಹೆಸರಿಸಬೇಕು. ಹಳೆಯ ಯಂತ್ರಗಳಲ್ಲಿರುವ ಆರ್-410ಎ ಅನಿಲ ಒಂದು ಕಿಲೋ ಸೋರಿದರೆ ಅದು 2,000 ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡಿಗೆ ಸಮ. ಆರ್-32 ಆದರೆ 675, ಆರ್-290 ಎಂಬ ಪ್ರೊಪೇನ್ ಆದರೆ 5ಕ್ಕಿಂತ ಕಡಿಮೆ. ಇಂಥ ಅನಿಲಗಳನ್ನು ತಗ್ಗಿಸುವ ಅಂತರರಾಷ್ಟ್ರೀಯ ಒಪ್ಪಂದವಾದ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿದೆ, 2032ರಿಂದ ಆರ್-410ಎ, ಆರ್-32ರಂಥ ಅನಿಲಗಳ ಬಳಕೆಯನ್ನು ಹಂತಹಂತವಾಗಿ ಇಳಿಸಬೇಕಿದೆ. ಇಂದು ಕೊಂಡ ಯಂತ್ರ ಆಗಲೂ ಓಡುತ್ತಿರುತ್ತದೆ, ಅಂದು ಅನಿಲ ತುಂಬಿಸಲು ಪರದಾಡುವಂತಾಗಬಾರದು. ಪ್ರೊಪೇನ್ ಉರಿಯುವ ಅನಿಲವಾದ್ದರಿಂದ ಯಂತ್ರ ಬಯಲಿನಲ್ಲಿಯೇ ಇರಬೇಕೆಂಬುದಕ್ಕೆ ಇದು ಇನ್ನೊಂದು ಕಾರಣ.

ಕೊನೆಯದಾಗಿ, ಹೀಟ್ ಪಂಪಿಗೆ ಪ್ರತ್ಯೇಕ ವಿದ್ಯುತ್ ಮೀಟರ್ ಮತ್ತು ನೀರಿನ ಕೊಳವೆಗೆ ಶಾಖ ಮೀಟರ್ ಇರಲೇಬೇಕು. ಇವೆರಡರ ಅನುಪಾತವೇ ನಿಜವಾದ ಸಿಒಪಿ. ಮೊದಲ ಚಳಿಗಾಲದ ಸರಾಸರಿ 4ಕ್ಕಿಂತ ಕಡಿಮೆ ಬಂದರೆ ಗುತ್ತಿಗೆದಾರರ ಬಾಕಿ ಹಣವನ್ನು ತಡೆಹಿಡಿಯುವ ಷರತ್ತಿರಲಿ. ಐದು ವರ್ಷದ ನಿರ್ವಹಣೆಯೂ ಅದೇ ಗುತ್ತಿಗೆಯಲ್ಲಿ ಸೇರಿರಲಿ.

ಲೆಕ್ಕಪತ್ರ, ಬೆಂಗಳೂರು

ಮೀಟರಿನ ಷರತ್ತಿದ್ದರೆ ನನ್ನ ಆಕ್ಷೇಪಗಳಲ್ಲಿ ಎರಡು ಬಿದ್ದುಹೋದವು. ಆ ಮೀಟರುಗಳ ಮಾಸಿಕ ಅಂಕಿಗಳನ್ನು ಕೊಳದ ಸೂಚನಾ ಫಲಕದ ಮೇಲೆ ಬರೆದು ಹಾಕುವಂತೆಯೂ ಕೇಳಿ. ಬೆಳಗಿನ ನೀರಿನ ತಾಪಮಾನವನ್ನೂ ಹಾಜರಾದ ಈಜುಗಾರರ ಸಂಖ್ಯೆಯನ್ನೂ ಪಕ್ಕದಲ್ಲಿಯೇ ಬರೆದರೆ, ಮುಂದಿನ ವರ್ಷ ಅನುದಾನ ಕೇಳುವಾಗ ಬೇರೆ ಸಮರ್ಥನೆ ಬೇಕಾಗುವುದಿಲ್ಲ.

ಜಲಪ್ರಿಯ, ಬೆಂಗಳೂರು

ಹಾಗೆಯೇ ಮಾಡುತ್ತೇವೆ. ಮಂಜೂರಾತಿಗೆ ಹೇಗೂ ಕೆಲವು ತಿಂಗಳು ಬೇಕು. ಅಷ್ಟರಲ್ಲಿ ನಾವೇ ಮಾಡಬಹುದಾದ ಕೆಲಸವೇನಾದರೂ ಇದೆಯೇ?

ಪಂಪ್‌ಮನೆ, ಹುಬ್ಬಳ್ಳಿ

ಇದೆ, ಅದಕ್ಕೆ ಖರ್ಚೂ ಇಲ್ಲ. ಕೊಳ ಮುಚ್ಚುವಾಗ ಮತ್ತು ಬೆಳಿಗ್ಗೆ ತೆರೆಯುವಾಗ ನೀರಿನ ತಾಪಮಾನವನ್ನು ಅರ್ಧ ಮೀಟರ್ ಆಳದಲ್ಲಿ ಅಳೆದು ಬರೆದಿಡಿ. ಎರಡರ ವ್ಯತ್ಯಾಸವೇ ನಿಮ್ಮ ರಾತ್ರಿಯ ನಷ್ಟ, ನಮ್ಮ ಅಂದಾಜುಗಳಿಗಿಂತ ಅದೇ ಹೆಚ್ಚು ನಂಬಿಕೆಗೆ ಅರ್ಹ.

ಜೊತೆಗೆ ಬಕೆಟ್ ಪರೀಕ್ಷೆ ಮಾಡಿ. ಬಕೆಟ್ಟಿನಲ್ಲಿ ಕೊಳದ ನೀರನ್ನೇ ತುಂಬಿ, ಕೊಳದ ಮೆಟ್ಟಿಲಿನ ಮೇಲೆ ಅರ್ಧ ಮುಳುಗುವಂತೆ ಇಟ್ಟು, ಒಳಗಿನ ಮತ್ತು ಹೊರಗಿನ ನೀರಿನ ಮಟ್ಟವನ್ನು ಗುರುತು ಹಾಕಿ. ಅಂದು ರಾತ್ರಿ ಕೊಳಕ್ಕೆ ಹೊಸ ನೀರು ಬಿಡುವುದನ್ನು ನಿಲ್ಲಿಸಿ, ಫಿಲ್ಟರನ್ನು ಹಿಮ್ಮುಖವಾಗಿ ನೀರು ಹರಿಸಿ ತೊಳೆಯುವ ಬ್ಯಾಕ್‌ವಾಷ್ ಮಾಡಬೇಡಿ. ಎರಡೂ ಮಟ್ಟಗಳು ಸಮನಾಗಿ ಇಳಿದಿದ್ದರೆ ಹೋದದ್ದು ಆವಿ ಮಾತ್ರ, ಅದನ್ನು ಹೊದಿಕೆ ತಡೆಯುತ್ತದೆ. ಕೊಳದ ಮಟ್ಟ ಬಕೆಟ್ಟಿಗಿಂತ ಹೆಚ್ಚು ಇಳಿದಿದ್ದರೆ ಎಲ್ಲೋ ಸೋರಿಕೆಯಿದೆ. ಸೋರಿಕೆಯಿರುವ ಕೊಳವನ್ನು ಬಿಸಿ ಮಾಡಿದರೆ ಕಾಯಿಸಿದ ನೀರು ನೆಲದೊಳಕ್ಕೆ ಹೋಗುತ್ತದೆ, ಅದರ ಜಾಗಕ್ಕೆ ಬರುವ ತಣ್ಣೀರನ್ನು ಮತ್ತೆ ಕಾಯಿಸಬೇಕಾಗುತ್ತದೆ. ನಮ್ಮ ಹಳೆಯ ಕೊಳಗಳಲ್ಲಿ ತಳದ ಮುಖ್ಯ ಚರಂಡಿಯ ಸುತ್ತಲಿನ ಗಿಲಾವು ಮತ್ತು ದೀಪದ ಗೂಡುಗಳು ಸಾಮಾನ್ಯವಾಗಿ ಸೋರುವ ಜಾಗಗಳು. ಪಂಪ್ ನಿಲ್ಲಿಸಿದ ರಾತ್ರಿ ಒಮ್ಮೆ, ಓಡುತ್ತಿರುವ ರಾತ್ರಿ ಒಮ್ಮೆ ಪರೀಕ್ಷಿಸಿ. ಪಂಪ್ ಓಡುವಾಗ ಮಾತ್ರ ಹೆಚ್ಚು ಇಳಿದರೆ ದೋಷ ಕೊಳವೆಯಲ್ಲಿದೆ ಎಂದು ತಿಳಿಯುತ್ತದೆ. ಈ ಫಲಿತಾಂಶವನ್ನು ಮನವಿಗೆ ಲಗತ್ತಿಸಿ, ಸೋರಿಕೆ ಕಂಡುಬಂದಿದ್ದರೆ ಅದರ ದುರಸ್ತಿಯನ್ನು ಹೊದಿಕೆಗಿಂತಲೂ ಮೊದಲ ಕಾಮಗಾರಿಯಾಗಿ ಬರೆಯಿರಿ.